ಕಂಪ್ಯೂಟರ್‌ನ್ಯಾಗ ಇರೋ ಹುಡುಗ

ಕಲ್ಲೇಶನಿಗೆ ಆ ಐತವಾರ ಒದಗಿದ ಪೇಚಿಗೆಲ್ಲ ಮೂಲ ಒಂದೇ ಒಂದು ಪ್ರತ್ಯಯ. ಅವನು ಗಂಗಾವತಿಯ ಒಂದು ಅಕ್ಕಿ ಗಿರಣಿಯ ವೇ-ಬ್ರಿಜ್ಜಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಭತ್ತದ ಲಾರಿ ಬಂದು ತಕ್ಕಡಿಯ ಮೇಲೆ ನಿಂತರೆ ತೆರೆಯ ಮೇಲೆ ತೂಕ ಮೂಡುತ್ತಿತ್ತು. ಕಲ್ಲೇಶ ಲಾರಿಯ ನಂಬರು ಹೊಡೆದು, ಎಂಟರ್ ಒತ್ತಿ, ಹೊರಬಂದ ಚೀಟಿಯನ್ನು ಹರಿದು ಡ್ರೈವರನ ಕೈಗೆ ಕೊಡುತ್ತಿದ್ದ. ಅವನಿಗೆ ಕುಷ್ಟಗಿಯಲ್ಲೊಂದು ಹೆಣ್ಣು ಗೊತ್ತುಮಾಡಿದ ಸೋದರತ್ತೆ ಪಾರ್ವತೆಮ್ಮ, ಆ ಮನೆಯವರಿಗೆ ಫೋನಿನಲ್ಲಿ "ನಮ್ಮ ಹುಡುಗ ಕಂಪ್ಯೂಟರ್ ಮುಂದ ಅದಾನ" ಎಂದು ಹೇಳುವ ಬದಲು "ಕಂಪ್ಯೂಟರ್‌ನ್ಯಾಗ ಅದಾನ" ಎಂದುಬಿಟ್ಟಳು. ಮನೆಯ ಮುಂದೆ ನಿಂತವನಿಗೂ ಮನೆಯ ಒಳಗಿರುವವನಿಗೂ ಎಷ್ಟು ವ್ಯತ್ಯಾಸವೋ ಈ ಎರಡು ಮಾತಿಗೂ ಅಷ್ಟೇ ವ್ಯತ್ಯಾಸ.

ಬಸ್ಸು ಕನಕಗಿರಿ ದಾಟಿದ ಮೇಲೆ ಅತ್ತೆ ಈ ಸಂಗತಿಯನ್ನು ಹೊರಗೆ ಹಾಕಿದಳು. ಕಲ್ಲೇಶ ಸೀಟಿನಲ್ಲಿ ಅವಳ ಕಡೆ ತಿರುಗಿದ.

"ಅತ್ತಿ, ನಾ ಲಾರಿ ತೂಗಾಂವ. ಅಲ್ಲಿ ಯಾರರ ಏನರ ಕೇಳಿದ್ರ ಏನು ಹೇಳ್ಲಿ?"

"ಯಾರು ಕೇಳ್ತಾರ? ಕನ್ಯಾ ನೋಡಾಕ ಹೋದವರು ಉಪ್ಪಿಟ್ಟು ತಿಂತಾರ, ಚಾ ಕುಡೀತಾರ, ಎದ್ದು ಬರ್ತಾರ. ನಿನ್ನ ಕೂಡಿಸಿ ಪರೀಕ್ಷಾ ಬರಸ್ತಾರೇನು?" ಎಂದು ಪಾರ್ವತೆಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ತಾವರಗೇರಿ ಬರುವುದರೊಳಗೆ ಅವಳಿಗೆ ನಿದ್ದೆ ಹತ್ತಿತ್ತು. ಕಲ್ಲೇಶನಿಗೆ ಮಾತ್ರ ಕುಷ್ಟಗಿಯ ತನಕ ಕಣ್ಣು ಮುಚ್ಚಲಾಗಲಿಲ್ಲ.

ಹೆಣ್ಣಿನ ತಂದೆ ಕರಿಬಸಪ್ಪ ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬಿಳಿ ಅಂಗಿ, ಬಿಳಿ ಧೋತರ, ಹಣೆಯ ಮೇಲೆ ಗೆರೆ ತಪ್ಪದ ವಿಭೂತಿ. ಅಳೆದು ತೂಗಿ ಮಾತಾಡುವ ಮನುಷ್ಯ. ಬಂದವರನ್ನು ಪಡಸಾಲೆಯಲ್ಲಿ ಕೂಡಿಸಿ, ಬಿಸಿಲಿನ ಬಗ್ಗೆ ಒಂದು ಮಾತು, ಬಸ್ಸಿನ ಬಗ್ಗೆ ಒಂದು ಮಾತು ಆಡಿ, ಒಳಗೆ ನೋಡಿ ಕೆಮ್ಮಿದರು.

ತಟ್ಟೆ ಹಿಡಿದು ಬರಬೇಕಾಗಿದ್ದ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು.

ಹೆಸರು ಶಾಂಭವಿ. ಬಿ.ಎಸ್‌ಸಿ. ಮುಗಿಸಿ ಮನೆಯಲ್ಲೇ ಮೊಬೈಲಿನ ಪಾಠ ನೋಡಿಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದಳು. ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾವುದೋ ತೊಡಕಿನ ಗುಂಗಿನಲ್ಲೇ ಬಂದು ಕೂತ ಅವಳನ್ನು ನೋಡಿದ್ದೇ ಕಲ್ಲೇಶನಿಗೆ ಬಸ್ಸಿನ ಭಯವೆಲ್ಲ ಹೋಗಿ ಬೇರೆಯ ಭಯ ಹತ್ತಿತು. ಈ ಸಂಬಂಧ ತಪ್ಪಿಹೋದರೆ ಹೇಗೆ ಎಂಬ ಭಯ.

"ನೀವು ಕಂಪ್ಯೂಟರ್‌ನ್ಯಾಗ ಅದೀರಿ ಅಂತ ತಿಳೀತು. ಬರೋಬ್ಬರಿ ಹೊತ್ತಿಗೆ ಬಂದೀರಿ," ಎಂದರು ಕರಿಬಸಪ್ಪ. "ನನ್ನದೊಂದು ಲೆಕ್ಕದ ಕೆಲಸ ಐತ್ರಿ. ಊರ ಮಂದಿ ಬಂದು ಹಾಕಿಸ್ಕೊಂಡು ಹೋಗ್ತಾರ. ಅದನ್ನ ಕಂಪ್ಯೂಟರ್ ಹಾಕೂ ಹಂಗ ಮಗಳು ಒಂದು ಪ್ರೋಗ್ರಾಂ ಬರದಾಳ. ಪೂರಾ ನಡಿಸಿ ನೋಡೋಣ ಅನ್ನೂದ್ರಾಗ ಲ್ಯಾಪ್‌ಟಾಪ್ ಕೆಟ್ಟು ನಿಂತಿತು. ಎದುರು ಅಂಗಡಿ ಜಿಲಾನಸಾಬ ಎಲ್ಲಾ ಅಳಿಸಿ ಹೊಸದಾಗಿ ಹಾಕಿಕೊಟ್ಟಾನ. ಆವಾಗಿಂದ ಪ್ರೋಗ್ರಾಂ ನಡ್ಯಾಕ ಒಲ್ಲದು. ಸ್ವಲ್ಪ ನೋಡ್ತೀರೇನು?"

"ಹಂಗೇನಿಲ್ರಿ, ಖರೇ ಹೇಳಬೇಕಂದ್ರ ನಾನು..." ಎಂದು ಕಲ್ಲೇಶ ಬಾಯಿ ತೆರೆದ. ಪಾರ್ವತೆಮ್ಮನ ಹಿಮ್ಮಡಿ ಅವನ ಹೆಬ್ಬೆರಳ ಮೇಲೆ ಬಂದು ಕೂತಿತು. ಅವಳು ತೂಕದ ಹೆಂಗಸು.

"ನೋಡ್ತಾನ್ರಿ, ಅದರಾಗೇನೈತಿ," ಎಂದಳು ಅವಳು. "ಅಂವಗ ಇದು ಎಡಗೈ ಕೆಲಸ."

ಯಾವ ಲೆಕ್ಕ ಎಂದು ಕೇಳಬೇಕೆನಿಸಿತು ಕಲ್ಲೇಶನಿಗೆ. ಆದರೆ ಕೇಳಿದರೆ ಬಣ್ಣ ಬಯಲಾದೀತೆಂದು ಹೆದರಿ ಕೇಳಲಿಲ್ಲ. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡ, ಅಳುವ ಪರರ ಕೂಸನ್ನು ಎತ್ತಿಕೊಂಡವನ ಹಾಗೆ.

ಶಾಂಭವಿ ಒಂದು ಕರಿಯ ಕಿಟಕಿಯನ್ನು ತೆರೆದಳು. ಬರೀ ಕಪ್ಪು. ಚಿತ್ರವಿಲ್ಲ, ಗುಂಡಿಯಿಲ್ಲ, ಮೂಲೆಯಲ್ಲಿ ಒಂದಿಷ್ಟು ಇಂಗ್ಲಿಷ್ ಅಕ್ಷರ, ಅದರ ತುದಿಗೊಂದು ಗೀಟು ಮಾತ್ರ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. "ಪ್ರೋಗ್ರಾಂ ಪೈಥಾನ್ ಭಾಷಾದಾಗ ಐತ್ರಿ. ಇದರಾಗ ಪೈಥಾನ್ ಅಂತ ಬರದು ಫೈಲಿನ ಹೆಸರು ಕೊಡಬೇಕ್ರಿ. ಕೊಟ್ರ ಹಿಂಗಂತೈತಿ," ಎಂದು ಎಂಟರ್ ಒತ್ತಿದಳು. ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಸಾಲು ಬಂತು.

ಕಲ್ಲೇಶನಿಗೆ ಪ್ರೋಗ್ರಾಮಿನ ಗಂಧಗಾಳಿ ಗೊತ್ತಿರಲಿಲ್ಲ. ಆದರೆ ಯಂತ್ರ ತೋರಿಸಿದ್ದನ್ನು ಅಕ್ಷರ ಬಿಡದೆ ಓದುವುದು ಅವನ ದಿನದ ಕೆಲಸ. ಓದಿದ. ಮತ್ತೊಮ್ಮೆ ಓದಿದ.

"ಪೈಥಾನ್ ಅಂದ್ರ ಯಾರಂತ ನನಗ ಗೊತ್ತಿಲ್ಲ ಅನ್ನಾಕತ್ತೈತ್ರಿ," ಎಂದ.

"ಅಂದ್ರ ಜಿಲಾನಸಾಬ ಹಾಕಿಲ್ಲಂತ ಆತು," ಎಂದರು ಕರಿಬಸಪ್ಪ. ಎದ್ದು ಬಾಗಿಲಿಗೆ ಹೋಗಿ ಎದುರಿನ ಮೊಬೈಲ್ ಅಂಗಡಿಯತ್ತ ಕೈ ಮಾಡಿದರು.

ಜಿಲಾನಸಾಬ ಕಿವಿಯ ಮೇಲೊಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಬಂದ. "ಹಾಕೀನ್ರಿ ಯಜಮಾನ್ರ. ನನ್ನ ಕೈಯಾರೆ ಹಾಕೀನಿ. ಮುಂದ, ಮುಂದ, ಮುಂದ ಅಂತ ಒತ್ತಿ ಒತ್ತಿ ಬೆರಳು ನೂಸಾಕತ್ತಿದ್ವು."

"ನಡುವ ಏನು ಕೇಳ್ತು ಅಂತ ಓದಿದ್ಯೋ?" ಎಂದರು ಕರಿಬಸಪ್ಪ.

"ಓದ್ಕೋಂತ ಕುಂತ್ರ ನಮ್ಮ ಧಂದೆ ನಡೀತೈತೇನ್ರಿ?"

ಮತ್ತೊಮ್ಮೆ ಹಾಕಿ ನೋಡುವುದೆಂದಾಯಿತು. ಈ ಸಲ ಒತ್ತುವವನು ಕಲ್ಲೇಶ. ತಪ್ಪಿ ಏನಾದರೂ ಒತ್ತಿದರೆ ಮಾವನಾಗಬೇಕಾದವರ ಲ್ಯಾಪ್‌ಟಾಪು ಸುಟ್ಟೇ ಹೋಗುತ್ತದೆ ಎಂಬ ಹೆದರಿಕೆಯಿಂದ ಅವನು ಪ್ರತಿಯೊಂದು ತೆರೆಯನ್ನೂ ಮೇಲಿಂದ ಕೆಳಗೆ ಓದಿದ. ಹಾಗೆ ಓದುವಾಗ ಕೆಳಗಡೆ ಒಂದು ಸಣ್ಣ ಖಾಲಿ ಚೌಕ ಕಂಡಿತು. ಪೈಥಾನಿನ ವಿಳಾಸವನ್ನು ಈ ಕಂಪ್ಯೂಟರಿಗೆ ತಿಳಿಸಲೇ ಎಂದು ಅದರ ಪಕ್ಕದಲ್ಲಿ ಕೇಳಿತ್ತು.

"ಇದನ್ನ ಒತ್ತಿದ್ರೇನು?" ಎಂದು ಶಾಂಭವಿ ಬಗ್ಗಿ ನೋಡಿ ಜಿಲಾನಸಾಬನನ್ನು ಕೇಳಿದಳು.

"ಇಲ್ರಿ. ಒತ್ತು ಅಂತ ಯಾರು ಹೇಳಿದ್ರು?" ಎಂದ ಜಿಲಾನಸಾಬ.

ಕಲ್ಲೇಶ ಚೌಕ ಒತ್ತಿದ. ಹಾಕಿ ಮುಗಿದ ಮೇಲೆ ಶಾಂಭವಿ ಕರಿಯ ಕಿಟಕಿಯನ್ನು ಮುಚ್ಚಿ ಹೊಸದಾಗಿ ತೆರೆದಳು. ಪೈಥಾನ್ ಎಂದರೆ ಯಾರೆಂದು ಕಂಪ್ಯೂಟರಿಗೆ ಈಗ ಗೊತ್ತಾಗಿತ್ತು. ಪಾರ್ವತೆಮ್ಮ, ನಾನು ಹೇಳಿರಲಿಲ್ಲವೇ ಎಂಬಂತೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಒಳಗಿನಿಂದ ಉಪ್ಪಿಟ್ಟು ಬಂತು.

ಕಲ್ಲೇಶ ಚಮಚಕ್ಕೆ ಕೈ ಹಾಕುವಷ್ಟರಲ್ಲಿ ಶಾಂಭವಿ, "ಈಗ ಬ್ಯಾರೆ ಏನೋ ಅಂತೈತ್ರಿ," ಎಂದಳು.

ಕಲ್ಲೇಶ ಓದಿ, ಅನುಮಾನದಿಂದ ತಲೆಯೆತ್ತಿದ. "ಅಪ್ಪ ಇಲ್ಲ ಅನ್ನಾಕತ್ತೈತಿ."

ಆ ಗಳಿಗೆಗೆ ಸರಿಯಾಗಿ ಪಕ್ಕದ ಮನೆಯ ಹಂಪವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಟ್ಟಲು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು. "ಯಾರಪ್ಪ ಇಲ್ಲ?" ಎಂದು ಬಟ್ಟಲನ್ನು ಎದೆಗೆ ಒತ್ತಿಕೊಂಡಳು.

"ಫೈಲಿನ ಹೆಸರು ಅಪ್ಪ ಅಂತ ಇಟ್ಟೀನ್ರಿ," ಎಂದಳು ಶಾಂಭವಿ ನಾಚಿ. "ಅಪ್ಪಾರ ಲೆಕ್ಕ ಅಂತ."

"ನಾ ಇಲ್ಲೇ ಕುಂತೀನಲ್ಲ," ಎಂದರು ಕರಿಬಸಪ್ಪ ಗಂಭೀರವಾಗಿ.

ಫೈಲೂ ಅಲ್ಲೇ ಇತ್ತು. ಕಿಟಕಿಯನ್ನು ಸಣ್ಣದು ಮಾಡಿದರೆ ಹಿಂದೆ, ತೆರೆಯ ಮೇಲೆ, ಎಲ್ಲರ ಕಣ್ಣೆದುರಿಗೆ ಕೂತಿತ್ತು. ಕಣ್ಣೆದುರಿಗೆ ಇದ್ದದ್ದು ಯಂತ್ರಕ್ಕೆ ಯಾಕೆ ಕಾಣುವುದಿಲ್ಲ ಎಂದು ಹಂಪವ್ವ ಕೇಳಿದಳು. ಯಂತ್ರಕ್ಕೆ ಕಣ್ಣು ಮಂಜಾಗಿದೆ, ಮತ್ತೊಮ್ಮೆ ಎಲ್ಲ ಅಳಿಸಿ ಹಾಕೋಣವೇ ಎಂದ ಜಿಲಾನಸಾಬ. ಹಾಗೆನ್ನುತ್ತಲೇ ಕಲ್ಲೇಶನ ಉಪ್ಪಿಟ್ಟಿನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

ಕಲ್ಲೇಶ ಆ ಪಿಳಿಪಿಳಿ ಗೀಟಿನ ಹಿಂದೆ ಬರೆದದ್ದನ್ನು ಓದುತ್ತಿದ್ದ. ಅಲ್ಲಿ ಯಾವುದೋ ಫೋಲ್ಡರಿನ ಹೆಸರಿತ್ತು. ಅದು ತೆರೆಯ ಮೇಲಿನ ಫೋಲ್ಡರ್ ಅಲ್ಲ.

"ಇದು ಎಲ್ಲಿ ನಿಂತೈತಿ ಅಂತ ಇಲ್ಲೇ ಬರದೈತ್ರಿ," ಎಂದ ನಿಧಾನವಾಗಿ. "ಇದು ಬ್ಯಾರೆ ಕಡೆ ನಿಂತು ಹುಡುಕಾಕತ್ತೈತಿ. ಯಲಬುರ್ಗಾದ ಬಸ್‌ಸ್ಟ್ಯಾಂಡಿನ್ಯಾಗ ನಿಂತು ಕರಿಬಸಪ್ಪಾರ ಮನಿ ಯಾವುದು ಅಂತ ಕೇಳಿದ್ರ ಯಾರು ಹೇಳ್ತಾರ? ಮೊದಲ ಕುಷ್ಟಗಿಗೆ ಬರಬೇಕು."

ಶಾಂಭವಿ ಅವನ ಮುಖವನ್ನು ನೋಡಿದಳು. ಆ ದಿನ ಅವಳು ಅವನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. "ಹೌದಲ್ರಿ. ಸಿ ಡಿ ಹೊಡೀಬೇಕು," ಎಂದು ಎರಡಕ್ಷರ ಒತ್ತಿ, ಫೋಲ್ಡರಿನ ಹೆಸರು ಹೊಡೆದಳು. ಯಂತ್ರ ಕುಷ್ಟಗಿಗೆ ಬಂತು. ಅಪ್ಪ ಸಿಕ್ಕರು.

ಸಿಕ್ಕರು, ಆದರೆ ನಡೆಯಲಿಲ್ಲ. ಈ ಸಲ ಒಂದರ ಕೆಳಗೊಂದು ಸಾಲು ಬಂತು. ನೋಡಿದರೆ ಬೈಗುಳದ ಹಾಗೇ ಇತ್ತು. ಶಾಂಭವಿಯ ಮುಖ ಸಣ್ಣದಾಯಿತು. "ಇಷ್ಟುದ್ದ ಬಂದ್ರ ನನಗ ಕೈಕಾಲು ಆಡೂದಿಲ್ರಿ. ಓದಾಕ ಮನಸ್ಸಾಗೂದಿಲ್ಲ."

"ಅದು ಬಯ್ಯಾಕತ್ತಿಲ್ರಿ, ಎಲ್ಲಿ ತಪ್ಪೈತಿ ಅಂತ ಹೇಳಾಕತ್ತೈತಿ," ಎಂದ ಕಲ್ಲೇಶ. ಅವನ ಗಿರಣಿಯ ಮಾಲಕ ಎರಡನ್ನೂ ಒಂದೇ ದನಿಯಲ್ಲಿ ಮಾಡುವವನಾದ್ದರಿಂದ ಅವನಿಗೆ ಈ ಭೇದ ಗೊತ್ತಿತ್ತು. "ನೋಡ್ರಿ, ಸಾಲಿನ ನಂಬರ್ ಸುದ್ದಾ ಕೊಟ್ಟೈತಿ. ಅಲ್ಲಿ ಹೋಗೋಣ."

ಇಬ್ಬರೂ ತಲೆ ಹತ್ತಿರ ಮಾಡಿ ಫೈಲಿನ ಆ ಸಾಲನ್ನು ನೋಡಿದರು. 'ಮೊದಲನೇ ಹೆಸರು ಹೇಳಿ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವಿತ್ತು. ತಪ್ಪೇನೂ ಕಾಣಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಶಾಂಭವಿ ತುಟಿ ಅಲುಗಿಸದೆ ಮೆಲ್ಲಗೆ ಕೇಳಿದಳು:

"ನಿಮಗ ಇದು ಬರೂದಿಲ್ಲ, ಹೌದಲ್ರಿ?"

ಕಲ್ಲೇಶ ತೆರೆಯಿಂದ ಕಣ್ಣು ತೆಗೆಯದೆ ಒಪ್ಪಿಕೊಂಡ. "ಬರೂದಿಲ್ರಿ."

"ಮತ್ತ ಯಾಕ ಕುಂತೀರಿ?"

"ಅತ್ತಿ ನನ್ನ ಕಾಲ ಮ್ಯಾಲ ಕಾಲಿಟ್ಟಾಳ್ರಿ."

ಶಾಂಭವಿ ಬಗ್ಗಿ ನೋಡಿದಳು. ಪಾರ್ವತೆಮ್ಮನ ಹಿಮ್ಮಡಿ ಇನ್ನೂ ಅಲ್ಲೇ ಇತ್ತು. ನಗು ತಡೆಯಲಿಕ್ಕೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಳ್ಳಬೇಕಾಯಿತು. "ಇರ್ಲಿ ತೊಗೋರಿ. ನನಗೂ ಭಾಳ ಬರೂದಿಲ್ಲ. ಇಬ್ಬರೂ ಕೂಡಿ ನೋಡೋಣ."

ಆ ಮಾತು ಕೇಳಿದ ಮೇಲೆ ಕಲ್ಲೇಶನಿಗೆ ಹೆಬ್ಬೆರಳಿನ ನೋವು ಮರೆತೇ ಹೋಯಿತು. ಕಣ್ಣು ಇನ್ನಷ್ಟು ಚುರುಕಾಯಿತು. "ಈ ಉದ್ಧರಣ ಚಿಹ್ನಿ ಸೊಟ್ಟಗದಾವಲ್ರಿ," ಎಂದ. "ಮ್ಯಾಲಿನ ಸಾಲಿನ್ಯಾಗ ನೆಟ್ಟಗದಾವ. ಇಲ್ಲಿ ಮೀಸಿ ತಿರುವಿದಂಗದಾವ."

"ಅಯ್ಯ, ಇವು ನಾ ಬರದವಲ್ಲ," ಎಂದು ಶಾಂಭವಿ ಜಿಲಾನಸಾಬನತ್ತ ತಿರುಗಿದಳು.

ಜಿಲಾನಸಾಬ ಉಪ್ಪಿಟ್ಟಿನ ಕೊನೆಯ ತುತ್ತು ನುಂಗಿ, "ಅಳಿಸೂಕಿಂತ ಮೊದಲು ನಿಮ್ಮ ಬರಹ ಹಾಳಾಗಬಾರ್ದಂತ ನನ್ನ ಮೊಬೈಲಿಗೆ ಹಾಕ್ಕೊಂಡಿದ್ದೆ," ಎಂದ. "ಅಕ್ಷರ ಛಂದ ಕಾಣಲಿ ಅಂತ ಒಂದು ಆ್ಯಪ್‌ನ್ಯಾಗ ಸ್ವಲ್ಪ ಸಿಂಗಾರ ಮಾಡ್ಸೀನಿ. ಅದಕ್ಕ ನಾ ಏನೂ ತೊಗೊಂಡಿಲ್ಲ."

ಮೀಸೆಗಳನ್ನೆಲ್ಲ ಹುಡುಕಿ ಹುಡುಕಿ ಬೋಳಿಸುವ ಕೆಲಸ ಶುರುವಾಯಿತು. ಕಲ್ಲೇಶ ಬೆರಳಿಟ್ಟು ತೋರಿಸುವುದು, ಶಾಂಭವಿ ತಿದ್ದುವುದು. ಉಪ್ಪಿಟ್ಟು ಬರುವ ಹೊತ್ತು ಹೋಗಿ ಊಟದ ಹೊತ್ತು ಬಂತು, ಊಟದ ಹೊತ್ತೂ ಜಾರತೊಡಗಿತು. ಒಳಗೆ ಶಾಂಭವಿಯ ತಾಯಿ ದ್ರಾಕ್ಷಾಯಿಣಿ ಶೇಂಗಾ ಹೋಳಿಗೆಯನ್ನು ಮೂರನೇ ಸಲ ಬಿಸಿ ಮಾಡಿದಳು. ಹಂಪವ್ವ ಮಜ್ಜಿಗೆಯನ್ನು ಮರೆತು ಕಂಬಕ್ಕೆ ಒರಗಿ ಕೂತುಬಿಟ್ಟಿದ್ದಳು.

ಕೊನೆಗೊಮ್ಮೆ ಕರಿಯ ಕಿಟಕಿಯಲ್ಲಿ 'ಮೊದಲನೇ ಹೆಸರು ಹೇಳಿ' ಎಂಬ ಸಾಲು ಮೂಡಿತು. ಕರಿಬಸಪ್ಪ ಖುರ್ಚಿಯಿಂದ ಅರ್ಧ ಎದ್ದರು.

"ನಿಮ್ಮ ಹೆಸರ ಹಾಕ್ರಿ," ಎಂದಳು ಶಾಂಭವಿ. ಕಲ್ಲೇಶ ಒಂದೇ ಬೆರಳಿನಲ್ಲಿ ತನ್ನ ಹೆಸರು ಹೊಡೆದು ಎಂಟರ್ ಒತ್ತಿದ. ಗಡಿಬಿಡಿಯಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು.

'ಹೆಸರು ಸರಿ ಇಲ್ಲ' ಎಂದಿತು ಯಂತ್ರ. ಅಷ್ಟಕ್ಕೇ ನಿಲ್ಲಲಿಲ್ಲ. 'ಹೆಸರು ಸರಿ ಇಲ್ಲ, ಹೆಸರು ಸರಿ ಇಲ್ಲ' ಎನ್ನುತ್ತ ತೆರೆ ತುಂಬ, ಕಾಲುವೆಯ ಗೇಟು ಕಿತ್ತ ಹಾಗೆ, ಒಂದೇ ಸಮನೆ ಸುರಿಯತೊಡಗಿತು.

ಹಂಪವ್ವ ಅಕ್ಷರ ಕೂಡಿಸಿ ಓದಿ, ಕರಿಬಸಪ್ಪನವರತ್ತ ಬಾಗಿದಳು. "ಈ ಹುಡುಗನ ಹೆಸರು ಸರಿ ಇಲ್ಲಂತ್ರಿ. ಗಂಗಾವತಿ ಕಡೆ ಒಂದಿಷ್ಟು ವಿಚಾರಿಸಿ ನೋಡಬೇಕಿತ್ತು."

"ಏನವ್ವ ಹಂಗಂದ್ರ?" ಎಂದು ಪಾರ್ವತೆಮ್ಮ ಎದ್ದೇ ನಿಂತಳು. ಕಲ್ಲೇಶನ ಹೆಬ್ಬೆರಳಿಗೆ ಬೆಳಗಿನಿಂದ ಮೊದಲ ಸಲ ಗಾಳಿ ತಾಗಿತು. "ನಮ್ಮ ಹುಡುಗನ ಹೆಸರಿಗೆ ಒಂದು ಚುಕ್ಕಿ ಇಲ್ಲ."

"ನಾ ಅಂದಿಲ್ಲವ್ವ. ಯಂತ್ರ ಅನ್ನಾಕತ್ತೈತಿ. ಅದೂ ಎಷ್ಟು ಸಲ ನೋಡು."

ಜಿಲಾನಸಾಬ ಬ್ಯಾಟರಿ ಕಿತ್ತುಬಿಡೋಣವೆಂದು ಕಿವಿಯ ಮೇಲಿನ ಸ್ಕ್ರೂಡ್ರೈವರನ್ನು ಕೈಗೆ ತೆಗೆದುಕೊಂಡ. ಕಲ್ಲೇಶ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ. ಈ ಸಾಲನ್ನು ಹಾಗೇ ಕಾಪಿ ಮಾಡಿ ಮೊಬೈಲಿನಲ್ಲಿ ಹುಡುಕಿದರೆ ಏನಾದರೂ ಸಿಕ್ಕೀತು ಎಂದುಕೊಂಡು, ತನಗೆ ಗೊತ್ತಿದ್ದ ಏಕೈಕ ವಿದ್ಯೆಯಾದ ಕಂಟ್ರೋಲ್ ಮತ್ತು ಸಿ ಎರಡನ್ನೂ ಕೂಡಿಸಿ ಒತ್ತಿದ.

ಯಂತ್ರ ಗಪ್ಪನೆ ನಿಂತಿತು.

ಎಲ್ಲರೂ ಅವನನ್ನೇ ನೋಡಿದರು. ಅವನೂ ತನ್ನ ಬೆರಳುಗಳನ್ನೇ ನೋಡಿಕೊಂಡ. "ಕರಿ ಕಿಟಕಿಯೊಳಗ ಅದನ್ನ ಒತ್ತಿದ್ರ ಕಾಪಿ ಆಗೂದಿಲ್ರಿ, ನಡ್ಯೂ ಪ್ರೋಗ್ರಾಂ ನಿಲ್ತೈತಿ," ಎಂದು ಶಾಂಭವಿ ಅವನ ಕಿವಿಯಲ್ಲಿ ಹೇಳಿದಳು. "ಪಾಠದಾಗ ಕೇಳಿದ್ದೆ, ಹೆದರಿಕಿಗೆ ಮರತಿದ್ದೆ. ನಿಮಗ ಗೊತ್ತಿತ್ತೇನು?"

"ಈಗ ಗೊತ್ತಾತ್ರಿ," ಎಂದ ಕಲ್ಲೇಶ.

ತಪ್ಪು ಎಲ್ಲಿದೆ ಎನ್ನುವುದು ಆಮೇಲೆ ಅವಳಿಗೇ ಹೊಳೆಯಿತು. ಹೆಸರು ತಪ್ಪಿದರೆ ಮತ್ತೆ ಕೇಳಬೇಕೆಂದು ಬರೆದಿದ್ದ ಸಾಲು, ಸಿಂಗಾರದ ಗದ್ದಲದಲ್ಲಿ ಎಡಕ್ಕೆ ಸರಿದು, ಮತ್ತೆ ಮತ್ತೆ ನಡೆಯುವ ಸಾಲುಗಳ ಸುತ್ತಿನಿಂದ ಹೊರಗೆ ಬಿದ್ದಿತ್ತು. ಯಂತ್ರ ಹೊಸ ಹೆಸರು ಕೇಳದೆ, ಹಳೆಯದನ್ನೇ ಮತ್ತೆ ಮತ್ತೆ ನೋಡಿ ಸರಿಯಿಲ್ಲ ಎನ್ನುತ್ತಿತ್ತು. ನಾಲ್ಕು ಸಲ ಸ್ಪೇಸ್ ಒತ್ತಿ ಸಾಲನ್ನು ಒಳಗೆ ತಂದದ್ದೇ ತಡ, ಎಲ್ಲ ತಣ್ಣಗಾಯಿತು.

ಕರಿಬಸಪ್ಪ ಕಲ್ಲೇಶನ ಬೆನ್ನ ಮೇಲೆ ಕೈಯಿಟ್ಟರು. "ನಿಮ್ಮಂಥಾ ಹುಡುಗ ಈ ಮನಿಗೆ ಬೇಕಾಗಿತ್ತು," ಎಂದರು. ಹೋಳಿಗೆ ಬಂತು. ತುಪ್ಪ ಬಂತು. ದ್ರಾಕ್ಷಾಯಿಣಿ ಅಡಿಗೆಮನೆಯ ಬಾಗಿಲಿಂದ ಹೊರಗೆ ಬಂದು, ಭಾವಿ ಅಳಿಯನ ಎಲೆಗೆ ತಾನೇ ಬಡಿಸಿದಳು. ಪಾರ್ವತೆಮ್ಮ ಆಗಲೇ ಮನಸ್ಸಿನಲ್ಲಿ ಮದುವೆಯ ಛತ್ರ ಗೊತ್ತುಮಾಡತೊಡಗಿದ್ದಳು. ಶಾಂಭವಿ ಎದುರಿಗೆ ಕೂತು ಅವನು ಉಣ್ಣುವುದನ್ನು ನೋಡುತ್ತಿದ್ದಳು. ಜಗತ್ತಿನಲ್ಲಿ ಇಷ್ಟು ರುಚಿಯಾದ ಹೋಳಿಗೆ ಇರುತ್ತದೆಂದು ಕಲ್ಲೇಶನಿಗೆ ಗೊತ್ತೇ ಇರಲಿಲ್ಲ.

ಊಟ ಮುಗಿದ ಮೇಲೆ ಕರಿಬಸಪ್ಪ ಕೈ ತೊಳೆದು, ಕನ್ನಡಕ ಒರೆಸಿ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಬಂದು ಕೂತರು. "ಈಗ ಮುಖ್ಯ ಕೆಲಸ. ಮೊದಲ ಲೆಕ್ಕ ನಿಮ್ಮದಽ ಹಾಕೋಣ."

"ನನ್ನ ಯಾವ ಲೆಕ್ಕ ರೀ?" ಎಂದ ಕಲ್ಲೇಶ.

"ಸಾಲಾವಳಿ. ನಾ ಈ ಊರಾಗ ಗಂಡು ಹೆಣ್ಣಿನ ಹೆಸರಬಲ ನೋಡಿ, ಜೋಡಿ ಕೂಡ್ತೈತೋ ಇಲ್ಲೋ ಅಂತ ಸಾಲಾವಳಿ ಹೇಳಾಂವ. ನಿಮ್ಮತ್ತಿ ಹೇಳಿಲ್ಲೇನು?"

ಪಾರ್ವತೆಮ್ಮ ತಲೆಯ ಮೇಲಿನ ಫ್ಯಾನನ್ನು ನೋಡುತ್ತಿದ್ದಳು.

ಮೊದಲನೇ ಹೆಸರು, ಕಲ್ಲೇಶ. ಎರಡನೇ ಹೆಸರು, ಶಾಂಭವಿ. ಕರಿಬಸಪ್ಪ ಎಂಟರ್ ಒತ್ತಿದರು. ಯಂತ್ರ ಒಂದು ಕ್ಷಣವೂ ಯೋಚಿಸಲಿಲ್ಲ.

'ಸಾಲಾವಳಿ ಕೂಡಿಲ್ಲ.'

ಹೋಳಿಗೆಯ ಸಿಹಿ ಕಲ್ಲೇಶನ ಬಾಯಿಯಲ್ಲಿ ಇನ್ನೂ ಇತ್ತು. ಅದನ್ನು ನುಂಗುವುದೋ ಬಿಡುವುದೋ ತಿಳಿಯಲಿಲ್ಲ.

"ಯಂತ್ರ ತಪ್ಪು ಹೇಳೇತಿ," ಎಂದಳು ಪಾರ್ವತೆಮ್ಮ.

"ತಪ್ಪು ಹೇಳಿದ್ರ, ನಿಮ್ಮ ಹುಡುಗ ಮುಂಜಾನಿಂದ ರಿಪೇರಿ ಮಾಡಿದ್ದೇನು?" ಎಂದರು ಕರಿಬಸಪ್ಪ.

"ಅಲ್ರಿ, ಅಂವಾ ಮಾಡಿದ್ದು ಸರಿ ಐತಿ."

"ಸರಿ ಇದ್ರ ಸ್ವಂತ ಬಾಯಿಲೇ ಹೇಳೇತಲ್ರಿ, ಕೂಡಿಲ್ಲ ಅಂತ."

ಪಾರ್ವತೆಮ್ಮ ಅಡಕತ್ತರಿಯಲ್ಲಿ ಸಿಕ್ಕಿದಳು. ಯಂತ್ರ ಸರಿ ಎಂದರೆ ಹೆಣ್ಣು ಹೋಗುತ್ತಿತ್ತು. ತಪ್ಪು ಎಂದರೆ ಹುಡುಗನ ಕಂಪ್ಯೂಟರ್ ಹೋಗುತ್ತಿತ್ತು.

"ನಮ್ಮಿಬ್ಬರದು ಹಾಕ್ರಿ ನೋಡೋಣ," ಎಂದಳು ದ್ರಾಕ್ಷಾಯಿಣಿ ಬಾಗಿಲಿಂದ. ಕರಿಬಸಪ್ಪ ಸ್ವಲ್ಪ ಅನುಮಾನಿಸಿ ತಮ್ಮ ಹೆಸರು, ಹೆಂಡತಿಯ ಹೆಸರು ಹಾಕಿದರು. 'ಸಾಲಾವಳಿ ಕೂಡಿಲ್ಲ.'

"ಯಂತ್ರ ಸರಿ ಐತಿ," ಎಂದಳು ದ್ರಾಕ್ಷಾಯಿಣಿ. "ನಾ ಮದುವಿ ಆದ ವರ್ಷದಿಂದ ಇದನ್ನ ಹೇಳಾಕತ್ತೀನಿ, ಯಾರು ಕೇಳ್ತಾರ?"

"ನಮ್ಮಿಬ್ಬರ ಸಾಲಾವಳಿ ನಮ್ಮಪ್ಪ ಕೈಯಾರೆ ಹಾಕಿದ್ದು. ಬರೋಬ್ಬರಿ ಕೂಡಿತ್ತು," ಎಂದು ಕರಿಬಸಪ್ಪ ಹುಬ್ಬು ಗಂಟಿಕ್ಕಿದರು. ಆಮೇಲೆ ಹಂಪವ್ವನ ಹೆಸರು, ಅವಳ ಗಂಡ ಹುಲಿಗೆಪ್ಪನ ಹೆಸರು ಹಾಕಿದರು. ಹುಲಿಗೆಪ್ಪ ಅವಳ ಜೊತೆ ಜಗಳಾಡಿ ಇಟಗಿಯ ಅಣ್ಣನ ಮನೆ ಸೇರಿ ಬಹಳ ದಿನವಾಗಿತ್ತು. ಇಬ್ಬರೂ ಒಬ್ಬರ ಹೆಸರನ್ನು ಒಬ್ಬರು ಎತ್ತಿದರೆ ಓಣಿಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು.

'ಸಾಲಾವಳಿ ಕೂಡಿದೆ. ಅತಿ ಉತ್ತಮ.'

"ಇದನ್ನ ಒಯ್ದು ಒಲ್ಯಾಗ ಹಾಕ್ರಿ," ಎಂದು ಹಂಪವ್ವ ಖಾಲಿ ಬಟ್ಟಲು ಹಿಡಿದು ಎದ್ದಳು.

ಕರಿಬಸಪ್ಪ ಕನ್ನಡಕ ತೆಗೆದು ಕಲ್ಲೇಶನ ಕಡೆ ತಿರುಗಿದರು. ಕಲ್ಲೇಶನ ಹೆಬ್ಬೆರಳು ಈಗ ಬಿಡುವಾಗಿತ್ತು. ಅವನು ಎದ್ದು ನಿಂತ.

"ಯಜಮಾನ್ರ, ನನಗ ಪ್ರೋಗ್ರಾಂ ಬರೂದಿಲ್ಲ. ನಾನು ಅಕ್ಕಿ ಗಿರಣ್ಯಾಗ ಲಾರಿ ತೂಕಾ ಮಾಡ್ತೀನಿ. ಕಂಪ್ಯೂಟರಿನ್ಯಾಗ ತೂಕಾ ಬರ್ತೈತಿ, ನಾ ಚೀಟಿ ಹರದು ಕೊಡ್ತೀನಿ. ಅಷ್ಟ. ಮುಂಜಾನಿ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ."

"ಮತ್ತ ಇಷ್ಟೆಲ್ಲಾ ಹೆಂಗ ಸರಿ ಮಾಡಿದ್ರಿ?"

"ಅದು ಏನು ಬರದಿತ್ತೋ ಅದನ್ನ ಓದಿದೆ ರೀ. ತಿದ್ದಿದ್ದೆಲ್ಲಾ ನಿಮ್ಮ ಮಗಳು."

ಪಾರ್ವತೆಮ್ಮ ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, ಹೋಗುವ ಮೊದಲು ಒಂದು ಕೊನೆಯ ಪ್ರಯತ್ನ ಮಾಡೋಣವೆಂದು, "ಯಂತ್ರದ ಮಾತು ಬಿಡ್ರಿ. ನೀವು ಕೈಲೆ ಹಾಕಿ ನೋಡ್ರಿ," ಎಂದಳು.

"ಅದಽ ಆಗೂದಿಲ್ಲ," ಎಂದರು ಕರಿಬಸಪ್ಪ. "ಮಂದಿ ಮಕ್ಕಳದು ಎಷ್ಟರ ಹಾಕೀನಿ. ಸ್ವಂತ ಮಗಳದು ಹಾಕಾಕ ಕುಂತ್ರ ಕೈ ಜಾರ್ತೈತಿ. ಹುಡುಗ ಮನಸ್ಸಿಗೆ ಬಂದ್ರ ಕೂಡಿಸ್ತೀನಿ, ಬರಲಿಲ್ಲಂದ್ರ ಕಳೀತೀನಿ. ಅದಕ್ಕಂತ ಯಂತ್ರಕ್ಕ ಕಲಿಸು ಅಂದೆ."

ಇಷ್ಟು ಹೊತ್ತೂ ತೆರೆಯನ್ನು ನೋಡುತ್ತಿದ್ದ ಶಾಂಭವಿ ತಲೆಯೆತ್ತಿದಳು. "ಅಪ್ಪಾ, ಎಲ್ಲಾ ತಿರುವು ಹೇಳಾಕತ್ತೈತಿ. ಕೂಡೂದನ್ನ ಕೂಡಿಲ್ಲ ಅಂತೈತಿ, ಕೂಡಲಾರದ್ದನ್ನ ಕೂಡೇತಿ ಅಂತೈತಿ. ಎಲ್ಲೋ ನಾ ಹೆಚ್ಚು ಅನ್ನೂ ಚಿಹ್ನಿ ಹಾಕೂ ಕಡೆ ಕಡಿಮಿ ಅನ್ನೂ ಚಿಹ್ನಿ ಹಾಕೀನಿ. ಅದೊಂದು ತಿರುವಿ ಹಾಕಿದ್ರ ಆತು." ಅವಳ ಕೈ ಆಗಲೇ ಕೀಲಿಗಳ ಮೇಲಿತ್ತು.

ಹಾಗಾದರೆ ನಮ್ಮದು ಕೂಡುತ್ತದೆ ಎಂದು ಕಲ್ಲೇಶನಿಗೆ ಹೊಳೆಯಲು ಅರೆಗಳಿಗೆ ಹಿಡಿಯಿತು. ಹೊಳೆದ ಮೇಲೆ ಮುಖವೆಲ್ಲ ಹೋಳಿಗೆಯಂತೆ ಅರಳಿತು. ಅದನ್ನು ಕರಿಬಸಪ್ಪನವರೂ ನೋಡಿದರು.

"ಕೈ ತಗಿ," ಎಂದರು ಮಗಳಿಗೆ. "ನೀ ತಿದ್ದಿದ್ರ, ಹುಡುಗಿ ತನಗ ಬೇಕಂತ ತಿದ್ಯಾಳ ಅಂತಾರ. ಇವರು ತಿದ್ದಿದ್ರ, ಹುಡುಗ ತನಗ ಬೇಕಂತ ತಿದ್ಯಾನ ಅಂತಾರ. ನಾಳೆ ಊರ ಮಂದಿ ಈ ಯಂತ್ರ ನಂಬಬೇಕಂದ್ರ ನೀವಿಬ್ಬರೂ ಅದನ್ನ ಮುಟ್ಟಬಾರದು."

"ಮತ್ತ ಯಾರು ತಿದ್ದಬೇಕ್ರಿ?" ಎಂದ ಕಲ್ಲೇಶ.

"ನಾನ ತಿದ್ತೀನಿ. ಒಂದೊಂದು ಸಾಲು ತಿಳಕೊಂಡು, ಆ ತಪ್ಪಿನ ಸಾಲು ಬಂದಾಗ ಇದು ತಪ್ಪು ಅಂತ ನನಗ ನಾನ ತಿಳಿದ ಮ್ಯಾಲ. ಅಲ್ಲಿ ತನಕ ಈ ಸಂಬಂಧಕ್ಕ ಹೌದೂ ಅನ್ನೂದಿಲ್ಲ, ಅಲ್ಲಾ ಅನ್ನೂದಿಲ್ಲ." ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಕಲಿಸಾಕ ಐತವಾರಕ್ಕೊಮ್ಮೆ ನೀವು ಬರ್ರಿ."

"ನಾನಾ? ನನಗ ಬರೂದಿಲ್ಲ ಅಂತ ಈಗ ಹೇಳಿದೆನಲ್ರಿ. ನಿಮ್ಮ ಮಗಳ ಹತ್ರ..."

"ಆಕಿ ಬ್ಯಾಡ. ಹಿಂದಕ ಮೊಬೈಲ್ ಕಲಿಸಾಕ ಬಂದ್ಲು. ಅಪ್ಪ ಮಗಳು ಎಷ್ಟೋ ದಿನ ಮಾತು ಬಿಟ್ಟಿದ್ವಿ. ನಿಮಗ ಓದೂ ಸಮಾಧಾನ ಐತಿ. ಅದು ಇದ್ರ ಸಾಕು."

ಅದು ತೀರ್ಪು. ಪಾರ್ವತೆಮ್ಮ ಚೀಲ ಹೆಗಲಿಗೇರಿಸಿ, ಕನ್ಯಾ ನೋಡಲು ಬಂದವನನ್ನು ಮಾಸ್ತರನನ್ನಾಗಿ ಮಾಡಿ ಕಳಿಸುವ ಮನೆಯನ್ನು ತಾನು ಕೊಪ್ಪಳ ಜಿಲ್ಲೆಯಲ್ಲಿ ಎಲ್ಲೂ ನೋಡಿಲ್ಲವೆಂದು ಗೊಣಗುತ್ತ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಕಲ್ಲೇಶ ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟಲು ಹೋದರೆ ಬಲಗಾಲಿನ ಹೆಬ್ಬೆರಳು ಬಾತುಕೊಂಡು ಉಂಗುಟದ ಬಾರಿನೊಳಗೆ ಹೋಗಲೊಲ್ಲದು. ಬಗ್ಗಿ ಒದ್ದಾಡುವಾಗ ಶಾಂಭವಿ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು.

"ನಂಬರ್ ಬರಕೋರಿ," ಎಂದಳು ಅತ್ತ ಇತ್ತ ನೋಡಿ. "ದಿನಾ ಸಂಜಿಮುಂದ ಫೋನ್ ಮಾಡ್ರಿ. ನಾ ನಿಮಗ ಕಲಿಸ್ತೀನಿ, ನೀವು ಬಂದು ಅಪ್ಪಗ ಕಲಿಸ್ರಿ."

ಕಲ್ಲೇಶನಿಗೆ ನೆಟ್ಟಗೆ ನಿಲ್ಲುವಷ್ಟು ಬಲ ಬಂತು. "ನಿಮ್ಮ ಅಪ್ಪಾರು ಜಲ್ದಿ ಕಲೀತಾರೇನ್ರಿ?"

"ಜಲ್ದಿ ಅನ್ನೂದು ಅವರಿಗೆ ಗೊತ್ತಿಲ್ರಿ. ಮುಂಜಾನಿ ಪೇಪರ್ ಹಿಡದ್ರ ಮುದ್ರಕರ ಹೆಸರು ಓದಿದ ಮ್ಯಾಲಽ ಕೆಳಗ ಇಡ್ತಾರ. ಒಂದು ಸಾಲು ತಿಳೀದ ಮುಂದಿನ ಸಾಲಿಗೆ ಹೋಗೂ ಮನುಷ್ಯಾ ಅಲ್ಲ."

"ಪ್ರೋಗ್ರಾಂ ಎಷ್ಟುದ್ದ ಐತಿ?"

"ಭಾಳ ಉದ್ದ ಐತ್ರಿ. ಎಲ್ಲಾ ನಕ್ಷತ್ರ, ಎಲ್ಲಾ ರಾಶಿ, ಎಲ್ಲಾ ಅಕ್ಷರಕ್ಕೂ ಒಂದೊಂದು ಸಾಲು."

ಬಸ್‌ಸ್ಟ್ಯಾಂಡಿನ ಕಡೆಯಿಂದ ಪಾರ್ವತೆಮ್ಮ ಕೂಗುವುದು ಕೇಳಿಸಿತು. ಕಲ್ಲೇಶ ತಂಬಿಗೆಯನ್ನು ಖಾಲಿ ಮಾಡಿ ಹಿಂದಕ್ಕೆ ಕೊಟ್ಟ. ಕೊನೆಗೆ ಕೇಳಿಯೇಬಿಟ್ಟ.

"ಆ ಚಿಹ್ನಿ ತಿರುವು ಆಗಿದ್ದು ಯಾವ ಸಾಲಿನ್ಯಾಗ ಅಂತ ನಿಮಗ ಗೊತ್ತಾಗೇತೇನು?"

"ಆಗಲೇ ಗೊತ್ತಾತ್ರಿ," ಎಂದಳು ಶಾಂಭವಿ. ತಂಬಿಗೆಯನ್ನು ಸೊಂಟಕ್ಕಿಟ್ಟುಕೊಂಡು, ಬೆಳಗಿನಿಂದ ಸೆರಗಿನ ಮರೆಯಲ್ಲಿ ತಡೆದಿಟ್ಟುಕೊಂಡಿದ್ದ ನಗೆಯನ್ನೆಲ್ಲ ಒಮ್ಮೆಲೇ ನಕ್ಕಳು. "ಕಟ್ಟಕಡೀ ಸಾಲಿನ್ಯಾಗ."